ಅಕ್ಕ ಬಾಗಿ

ಬಳಗದ ಹೆಸರು ‘ನಿಷ್ಠುರ’. ಇಟ್ಟವರು ಒಬ್ಬ ನಿವೃತ್ತ ಪ್ರಿನ್ಸಿಪಾಲರು. ಅಂತರ್ಜಾಲದಲ್ಲಿ ಕಥೆ ಹಾಕಿ ಜೊತೆಯ ಕಥೆಗಾರರಿಂದ ಖಡಾಖಂಡಿತ ಅಭಿಪ್ರಾಯ ಪಡೆಯುವ ಜಾಗ ಇದು, ಇಲ್ಲಿ ಮುಲಾಜಿಗೆ ಎಡೆಯಿಲ್ಲ ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಬಳಗ ಹುಟ್ಟಿದಂದಿನಿಂದ ಅಲ್ಲಿ ಯಾರೂ ಯಾರ ಕಥೆಯನ್ನೂ ಚೆನ್ನಾಗಿಲ್ಲ ಅಂದದ್ದಿಲ್ಲ. ಒಬ್ಬರನ್ನು ಬಿಟ್ಟು, ಅವರ ವಿಷಯ ಆಮೇಲೆ.

ಅಲ್ಲಿ ಬಂದ ಕಥೆಗಳೆಲ್ಲ ಕಾಡುತ್ತಿದ್ದವು. ಕಾಡದವು ಎದೆ ತಟ್ಟುತ್ತಿದ್ದವು. ಎರಡೂ ಕೈಲಾಗದ ಕಥೆಗಳಲ್ಲಿ ಭಾಷೆ ನದಿಯಂತೆ ಹರಿಯುತ್ತಿತ್ತು. ಹಲ್ಲಿನ ಡಾಕ್ಟರೊಬ್ಬರಿದ್ದರು, ಬೆಳಿಗ್ಗೆ ಮೊದಲ ರೋಗಿ ಬಂದು ಬಾಯಿ ತೆರೆಯುವುದರೊಳಗೆ ಹಿಂದಿನ ದಿನದ ಕಥೆಗಳ ಕೆಳಗೆಲ್ಲ ‘ಕಾಡಿತು’ ಎಂದು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಒಬ್ಬ ವಕೀಲೆ ಯಾವ ಕಥೆಗಾದರೂ ಹೊಂದುವಂಥ ಒಂದೆರಡು ವಾಕ್ಯಗಳನ್ನು ಫೋನಿನಲ್ಲಿ ಸಿದ್ಧ ಇಟ್ಟುಕೊಂಡಿದ್ದರು. ಒಮ್ಮೆ ಅವಸರದಲ್ಲಿ ಸದಸ್ಯರೊಬ್ಬರ ತಂದೆಯ ನಿಧನದ ಸುದ್ದಿಯ ಕೆಳಗೂ ಅದನ್ನೇ ಅಂಟಿಸಿಬಿಟ್ಟರು: ‘ಅಂತ್ಯ ಇನ್ನೂ ಸ್ವಲ್ಪ ಬೇಗ ಬರಬಹುದಿತ್ತು ಎನ್ನುವುದನ್ನು ಬಿಟ್ಟರೆ ಅದ್ಭುತ.’ ಆ ಸದಸ್ಯರು ಅದಕ್ಕೂ ಕೈ ಮುಗಿದ ಚಿತ್ರ ಹಾಕಿ ಧನ್ಯವಾದ ಹೇಳಿದರು. ಅವರೂ ಓದಿರಲಿಲ್ಲ.

ಇಂಥ ಬಳಗಕ್ಕೆ ಲಾಂಡ್ರಿಯವಳು ಸೇರಿದಳು. ಅದು ಬಳಗದವರು ಬೆನ್ನ ಹಿಂದೆ ಇಟ್ಟ ಹೆಸರು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿದ್ದ ಬಟ್ಟೆ ಒಗೆಯುವ ವಿಭಾಗಕ್ಕೆ ಅವಳು ಮೇಲ್ವಿಚಾರಕಿ. ಮೇಲಿನ ಮಹಡಿಗಳಿಂದ ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಟವೆಲುಗಳೆಲ್ಲ ಒಂದು ಕೊಳವೆಯೊಳಗಿಂದ ಧೊಪ್ಪನೆ ಕೆಳಗೆ ಬಂದು ಬೀಳುತ್ತಿದ್ದವು. ಒಗೆದು, ಒಣಗಿಸಿ, ಉದ್ದನೆಯ ಇಸ್ತ್ರಿ ಉರುಳೆಯ ಬಾಯಿಗೆ ಕೊಟ್ಟ ಬಟ್ಟೆ ಆಚೆ ಕಡೆ ಬಿಸಿಬಿಸಿಯಾಗಿ ಹೊರಬಂದಾಗ ಅವಳು ದೀಪದ ಕೆಳಗೆ ಹಿಡಿದು ನೋಡುತ್ತಿದ್ದಳು. ಚೂರು ಕಲೆ ಕಂಡರೂ ವಾಪಸ್. ಕೆಲಸದವರು ಗೊಣಗುತ್ತಿದ್ದರು, ಅವಳು ಕೇಳಿಸದವಳ ಹಾಗೆ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದಳು.

ಮದುವೆಯಾದಾಗಿನಿಂದ ಬರೆಯುತ್ತಿದ್ದಳು. ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು, ಒಳ್ಳೆಯವನು, ಕಥೆ ಓದುವವನಲ್ಲ. ಒಂದು ಸಲ ಬಲವಂತಕ್ಕೆ ಓದಿ, “ಚೆನ್ನಾಗಿದೆ, ಕೊನೆಗೆ ಆ ನಾಯಿ ಏನಾಯ್ತು?” ಅಂದಿದ್ದ. ಕಥೆಯಲ್ಲಿ ನಾಯಿಯೇ ಇರಲಿಲ್ಲ. ಹಾಗಾಗಿ ಅವಳು ಬರೆಯುವವರ ಜೊತೆ ಸೇರಬೇಕು ಅಂದುಕೊಂಡಳು. ಬರೆಯುವವರಿಗಲ್ಲದೆ ಇನ್ಯಾರಿಗೆ ತಪ್ಪು ಗೊತ್ತಾಗುತ್ತದೆ?

ಸೇರಿದ ಹೊಸದರಲ್ಲಿ ಅವಳೂ ಎಲ್ಲರಂತೆ ನಡೆದುಕೊಂಡಳು. ಓದದೆಯೇ ‘ಎದೆ ತಟ್ಟಿತು’ ಎಂದು ಬರೆದಳು. ಹಾಗೆ ತಟ್ಟಿಸಿಕೊಂಡವರು ಅವಳ ಕಥೆ ಬಂದಾಗ ತಿರುಗಿ ತಟ್ಟುತ್ತಾರೆ, ಲೆಕ್ಕ ಚುಕ್ತಾ. ಎರಡು ಕಥೆ ಹಾಕಿದಳು, ಎರಡೂ ಕಾಡಿದವು. ಎಲ್ಲಿ ಕಾಡಿತು, ಯಾಕೆ ಕಾಡಿತು ಅಂತ ಕೇಳಿದರೆ ಹಲ್ಲಿನ ಡಾಕ್ಟರು ‘ಒಟ್ಟಾರೆಯಾಗಿ’ ಎಂದು ಉತ್ತರಿಸಿದರು.

“ಹೊಗಳ್ತಾರೆ ಅಂತ ಯಾರಾದ್ರೂ ಬೇಜಾರು ಮಾಡ್ಕೋತಾರಾ?” ಗಂಡ ಕೇಳಿದ.

“ನಿಮ್ಮ ಹತ್ರ ಕಲಿಯೋಕೆ ಬಂದವನು ಕಾರು ತಗೊಂಡು ಹೋಗಿ ಕಂಬಕ್ಕೆ ಗುದ್ದಿದ್ರೆ, ಎಷ್ಟು ಚೆಂದ ಸ್ಟೇರಿಂಗ್ ಹಿಡಿದ್ರಿ ಅಂತೀರಾ?”

“ಕಾರು ನಂದು, ಅದಕ್ಕೆ ಅನ್ನಲ್ಲ. ಅವನದೇ ಕಾರಾದ್ರೆ ಅಂತಿದ್ನೇನೋ.”

ಮೂರನೆಯ ಕಥೆ ಅವಳಿಗೆ ಬಹಳ ಬೇಕಾದದ್ದು. ಅದರಲ್ಲಿ ಇಬ್ಬರು ಅಕ್ಕ ತಂಗಿ. ಹಾಸಿಗೆ ಹಿಡಿದ ತಂದೆಯನ್ನೂ ಅಕ್ಕನನ್ನೂ ಬಿಟ್ಟು ತಂಗಿ ಯಾರೋ ಒಬ್ಬನ ಹಿಂದೆ ಹೊರಟುಹೋಗುತ್ತಾಳೆ. ಅವನ ಜೊತೆ ಬಾಳದೆ, ಒಂದು ಮಧ್ಯಾಹ್ನ ಸೂಟ್‌ಕೇಸ್ ಎಳೆದುಕೊಂಡು ವಾಪಸ್ ಬಂದು ಬಾಗಿಲು ತಟ್ಟುತ್ತಾಳೆ. ಅಕ್ಕ ಬಾಗಿಲು ತೆರೆದು ತಬ್ಬಿಕೊಂಡು ಅಳುತ್ತಾಳೆ. ಅಲ್ಲಿಂದಾಚೆ ಅಕ್ಕನ ತ್ಯಾಗ, ಅಕ್ಕನ ಕಾಯಿಲೆ, ಅಕ್ಕನ ಸಾವು. ಬಾಗಿಲು ತೆರೆದಲ್ಲಿಗೆ ಅರ್ಧ ಕಥೆ. ಉಳಿದರ್ಧ ತ್ಯಾಗಕ್ಕೆ ಮೀಸಲು.

ಅವಳು ಇಡೀ ಕಥೆಯನ್ನು ಅಂಟಿಸಿ ಕಳಿಸಿದಳು. ಒಂದು ಸಲಕ್ಕೆ ಇಷ್ಟೇ ಅಕ್ಷರ ಅಂತ ಆ ತಾಣಕ್ಕೊಂದು ಮಿತಿಯಿತ್ತು. ಅವಳಿಗದು ಗೊತ್ತಿರಲಿಲ್ಲ. ‘ಅಕ್ಕ ಬಾಗಿಲು ತೆರೆದಳು’ ಅನ್ನುವ ವಾಕ್ಯದ ನಡುವೆಯೇ ಯಂತ್ರ ಕತ್ತರಿ ಹಾಕಿತು. ಬಳಗಕ್ಕೆ ತಲುಪಿದ ಕಥೆಯ ಕೊನೆಯ ಸಾಲು ಹೀಗಿತ್ತು: ‘ಒಳಗೆ ಹೆಜ್ಜೆಯ ಸದ್ದು. ಅಕ್ಕ ಬಾಗಿ’.

ಮರುದಿನ ಊಟದ ಬಿಡುವಿನಲ್ಲಿ ಫೋನು ತೆಗೆದರೆ ಹೊಗಳಿಕೆಯ ಮಳೆಯೇ ಸುರಿದಿತ್ತು. ಮೊದಲು ‘ಕಾಡಿತು’. ಆಮೇಲೆ ವಕೀಲೆಯವರ ಸಿದ್ಧ ವಾಕ್ಯ, ಅಂತ್ಯ ಇನ್ನೂ ಸ್ವಲ್ಪ ಬೇಗ ಬರಬಹುದಿತ್ತಂತೆ. ಅದರ ಕೆಳಗೆ ಪ್ರಿನ್ಸಿಪಾಲರ ಸುದೀರ್ಘ ಪ್ರಬಂಧ. ‘ಅಕ್ಕ ಬಾಗಿ. ಎರಡೇ ಪದ. ಕ್ರಿಯಾಪದ ಪೂರ್ಣವಾಗುವುದಿಲ್ಲ, ಏಕೆಂದರೆ ಹೆಣ್ಣಿನ ಬದುಕೂ ಪೂರ್ಣವಾಗುವುದಿಲ್ಲ. ಸಂಸಾರದ ಭಾರಕ್ಕೆ ಬಾಗಿದ ಈ ಅಕ್ಕ ಮುಂದೇನು ಮಾಡಿದಳು? ಬಾಗಿ ನಮಸ್ಕರಿಸಿದಳೇ? ಬಾಗಿ ಕಣ್ಣೊರೆಸಿಕೊಂಡಳೇ? ಲೇಖಕಿ ಹೇಳುವುದಿಲ್ಲ. ಪೂರ್ಣವಿರಾಮವನ್ನೂ ಇಡದ ಈ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ?’ ಅದನ್ನು ಮೆಚ್ಚಿ ನಲವತ್ತು ಜನ ಹೆಬ್ಬೆರಳು ಎತ್ತಿದ್ದರು.

ಅವಳು ಮೊದಲು ಬೆಚ್ಚಿದಳು, ಆಮೇಲೆ ಉರುಳೆಯ ಪಕ್ಕ ನಿಂತು ಒಬ್ಬಳೇ ನಕ್ಕಳು. ನಗುತ್ತಲೇ ಪ್ರಬಂಧವನ್ನು ಇನ್ನೊಂದು ಸಲ ಓದಿದಳು. ಆ ಎರಡನೇ ಸಲ ಓದುವಾಗ ಒಳಗೊಳಗೇ ಹಿತವಾಗಿತ್ತು ಅನ್ನುವುದನ್ನೂ ಹೇಳಲೇಬೇಕು.

ಎಲ್ಲಕ್ಕಿಂತ ಕೆಳಗೆ ಒಂದು ಗೆರೆಯ ಪ್ರತಿಕ್ರಿಯೆ ಇತ್ತು. ‘ಬಾಗಿ ಅಲ್ಲ, ಬಾಗಿಲು ಇರಬೇಕು. ಮಿಕ್ಕಿದ್ದೆಲ್ಲಿ?’

ಬರೆದವರನ್ನು ಬಳಗದಲ್ಲಿ ‘ಪತ್ತೇದಾರಿ’ ಅನ್ನುತ್ತಿದ್ದರು. ಮುಲಾಜಿಲ್ಲದ ಆ ಒಬ್ಬರು ಇವರೇ. ವಯಸ್ಸಾದವರು, ಒಂದು ಕಾಲದಲ್ಲಿ ಕೊಲೆ ಸುಲಿಗೆಯ ಕಾದಂಬರಿಗಳನ್ನು ಕೈಗೆ ಸಿಕ್ಕ ಹಾಗೆ ಬರೆದು ಮಾರಿದವರು. ಗಂಭೀರ ಸಾಹಿತಿಗಳು ಅವರನ್ನು ಬಳಗದಲ್ಲಿ ಇಟ್ಟುಕೊಂಡದ್ದು ಮನೆಯ ಹಳೇ ಕುರ್ಚಿಯನ್ನು ಎಸೆಯದೆ ಇಟ್ಟುಕೊಂಡ ಹಾಗೆ. ‘ಬೀಗದ ಕೈ ಅವನ ಹತ್ತಿರ ಇತ್ತಲ್ಲ, ಗೋಡೆ ಯಾಕೆ ಹಾರಿದ?’ ‘ಮೊದಲ ಪುಟದಲ್ಲಿ ಇವಳು ಎಡಚಿ, ಈಗ ಬಲಗೈಯಲ್ಲಿ ಬರೀತಾಳೆ’ ಎಂದೆಲ್ಲ ಅವರು ಹಾಕುತ್ತಿದ್ದರು. ಯಾರೂ ಉತ್ತರ ಕೊಡುತ್ತಿರಲಿಲ್ಲ. ಅವರಿಗೂ ಜಂಬವೇನು ಕಡಿಮೆಯಿರಲಿಲ್ಲ. ತಮ್ಮ ಪುಸ್ತಕಗಳನ್ನು ಜನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಓದಿ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು ಅನ್ನುವುದನ್ನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು.

ಅವಳು ಬಳಗದಲ್ಲಿ ಬರೆದಳು: ‘ಕ್ಷಮಿಸಿ, ಕಥೆ ಅರ್ಧಕ್ಕೆ ತುಂಡಾಗಿದೆ. ಅದು ಬಾಗಿಲು.’

ಆಮೇಲೆ ಪ್ರಿನ್ಸಿಪಾಲರು ತೀರ್ಪು ಕೊಟ್ಟರು: ‘ತಾನು ಏನು ಬರೆದೆ ಎನ್ನುವುದು ಎಷ್ಟೋ ಸಲ ಲೇಖಕಿಗೇ ತಿಳಿದಿರುವುದಿಲ್ಲ. ಯಂತ್ರ ನಿಲ್ಲಿಸಿದ ಜಾಗವೇ ಕಥೆಯ ನಿಜವಾದ ಜಾಗ. ನಮ್ಮ ಬಳಗದ ಸಂಕಲನಕ್ಕೆ ಈ ರೂಪವನ್ನೇ ಆರಿಸಿದ್ದೇನೆ.’ ಮತ್ತೆ ನಲವತ್ತು ಹೆಬ್ಬೆರಳು.

ಉಳಿದರ್ಧವನ್ನು ಅವಳು ಪತ್ತೇದಾರಿಗೆ ಮಾತ್ರ ಕಳಿಸಿದಳು. ಅವರು ಸಂಜೆ ಫೋನು ಮಾಡಿದರು. ನಮಸ್ಕಾರ ಗಿಮಸ್ಕಾರ ಏನಿಲ್ಲ.

“ಮೊದಲನೇ ಅರ್ಧದಲ್ಲಿ ಒಬ್ಬಳು ಅಕ್ಕ ಇದಾಳೆ. ತನ್ನ ಶಾಂಪೂನ ಬೀರುವಿನಲ್ಲಿಟ್ಟು ಬೀಗ ಹಾಕ್ತಾಳೆ. ತಂಗಿ ಹಾಡಿದ್ರೆ ರೇಡಿಯೋ ಜೋರು ಮಾಡ್ತಾಳೆ. ಅವಳನ್ನ ನಂಬಿದೆ ನಾನು. ಎರಡನೇ ಅರ್ಧದಲ್ಲಿ ಇನ್ಯಾರೋ ಬಂದು ಬಾಗಿಲು ತೆಗೀತಾರೆ. ಅಳ್ತಾರೆ, ತಬ್ಕೋತಾರೆ, ಕಾಯಿಲೆ ಬಂದು ಸಾಯ್ತಾರೆ. ಆ ಹೆಂಗಸು ಯಾರಮ್ಮ? ಅಕ್ಕ ಎಲ್ಲಿ ಹೋದ್ಲು?”

“ಮನುಷ್ಯರು ಬದಲಾಗೋದೇ ಇಲ್ವಾ ಸಾರ್?”

“ಬದಲಾಗ್ತಾರೆ. ಅದಕ್ಕೊಂದು ಕಾರಣ ಬೇಕು. ನಿಮ್ಮ ಅಕ್ಕನಿಗಿರೋ ಕಾರಣ ಒಂದೇ, ನಿಮಗೆ ಕಥೆ ಮುಗಿಸಬೇಕಿತ್ತು. ಅವಳನ್ನ ಎದುರಿಸೋಕೆ ಆಗದೆ ಸಾಯಿಸಿಬಿಟ್ರಿ. ಸಾಯಿಸೋದೇ ಆದ್ರೆ ಮೆಟ್ಟಿಲ ಮೇಲಿಂದ ತಳ್ಳಿ. ತಂಗಿ ಮೇಲೆ ಅನುಮಾನ ಬರುತ್ತೆ, ಕಥೆಗೆ ಒಂದು ಕಳೆ ಬರುತ್ತೆ.”

ಅವಳು ಧನ್ಯವಾದ ಹೇಳಿ ಫೋನಿಟ್ಟಳು. ಆಮೇಲೆ ಪಾತ್ರೆ ತೊಳೆಯುತ್ತಾ ಆ ಮುದುಕನಿಗೆ ಬಾಯಿಗೆ ಬಂದದ್ದೆಲ್ಲ ಅಂದಳು. ಕೊಲೆ ಬರೆದವನಿಗೆ ಅಕ್ಕನ ಪ್ರೀತಿ ಏನು ಗೊತ್ತು, ಹಾಗೆ, ಹೀಗೆ.

“ಏನಾಯ್ತು?” ಗಂಡ ಇಣುಕಿದ.

“ಬೈದರು.”

“ನಿಂಗೆ ಅದೇ ಬೇಕಿತ್ತಲ್ಲ?”

“ಬೈಯೋದಲ್ಲ ಬೇಕಿದ್ದದ್ದು. ತಪ್ಪು ತೋರಿಸೋದು.”

“ಎರಡಕ್ಕೂ ಏನು ವ್ಯತ್ಯಾಸ?”

ಅವಳು ಯೋಚಿಸಿದಳು. “ಬೇರೆಯವರ ಕಥೆಗಾದ್ರೆ ಅದು ತಪ್ಪು ತೋರಿಸೋದು,” ಅಂದಳು. ಗಂಡ ನಕ್ಕ. ಅವಳು ಅವನ ಮೇಲೂ ಸಿಟ್ಟಾದಳು.

ಆ ಇಡೀ ವಾರ ನೆಲಮಾಳಿಗೆಯಲ್ಲಿ ಕಲೆಯಿಲ್ಲದ ಬಟ್ಟೆಗಳೂ ವಾಪಸ್ಸಾದವು. ವಾರ ಕಳೆದ ಮೇಲೆ, ಯಾಕೆ ಅಂತ ಅವಳಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ, ಇಡೀ ಕಥೆಯನ್ನು ಮುದ್ರಿಸಿಕೊಂಡು ತನ್ನ ಸ್ವಂತ ಅಕ್ಕನ ಅಂಗಡಿಗೆ ಹೋದಳು.

ಅಕ್ಕ ಗಟ್ಟಿಮುಟ್ಟಾಗಿ ಬದುಕಿದ್ದಳು. ಕಿಟಕಿಯ ಪರದೆ ಹೊಲಿದು ಕೊಡುವ ಅಂಗಡಿ ಅವಳದು. ತಂದೆ ತೀರಿಕೊಂಡ ಮೇಲೆ ತಾನೊಬ್ಬಳೇ ಕಟ್ಟಿದ್ದು. ಒಳಗೆ ಬಟ್ಟೆಯ ಸುರುಳಿಗಳು ಗೋಡೆಗೆ ಒರಗಿ ನಿಂತಿದ್ದವು; ಅಗಲದ ಮೇಜಿನ ಮೇಲೆ ಯಾರದೋ ಮನೆಯ ನೀಲಿ ಪರದೆ ನೆರಿಗೆ ಹಿಡಿಸಿಕೊಳ್ಳುತ್ತಾ ಬಿದ್ದಿತ್ತು. ಅಕ್ಕ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು, ಕನ್ನಡಕ ಏರಿಸಿ, ನಿಂತಲ್ಲೇ ಓದತೊಡಗಿದಳು. ತಂಗಿ ಪರದೆಯ ರಿಂಗುಗಳನ್ನು ಎಣಿಸುತ್ತಾ ಕೂತಳು. ನಲವತ್ತು ಹೆಬ್ಬೆರಳು ಕಂಡವಳಿಗೆ ಈ ಒಂದು ಮುಖ ನೋಡಲು ಧೈರ್ಯವಿರಲಿಲ್ಲ.

ಓದಿ ಮುಗಿಸಿ ಅಕ್ಕ ಕೇಳಿದ್ದು ಒಂದೇ. “ನಾನು ಯಾಕೆ ಸತ್ತೆ?”

“ಅದು ನೀನಲ್ಲ. ಪಾತ್ರ.”

“ಶಾಂಪೂ ನಂದು, ಬೀರು ನಂದು, ರೇಡಿಯೋ ನಂದು. ಸಾಯೋವಾಗ ಮಾತ್ರ ಪಾತ್ರಾನಾ?”

“ಕಥೆಗೆ ಒಂದು ಮುಕ್ತಾಯ ಬೇಕಲ್ಲ ಅಕ್ಕ.”

“ಅದಕ್ಕೆ ನಾನೇ ಆಗಬೇಕಾ? ನಿನ್ನ ಕರ್ಕೊಂಡು ಹೋದ ಆ ಅಯೋಗ್ಯ ಇದ್ನಲ್ಲ, ಅವನನ್ನ ಸಾಯಿಸು. ನಂಗೂ ಓದೋಕೆ ಖುಷಿಯಾಗುತ್ತೆ.” ಅಕ್ಕ ಕಾಗದ ಮಡಚಿ ಮೇಜಿನ ಮೇಲಿಟ್ಟಳು. ಮತ್ತೆ ಸೂಜಿ ಎತ್ತಿಕೊಂಡಳು, ಚುಚ್ಚಲಿಲ್ಲ. “ಆಮೇಲೆ, ನಾನು ಬಾಗಿಲು ತೆಗೀಲಿಲ್ಲ ಕಣೇ.”

“ಗೊತ್ತು. ನೀನು ಮನೇಲಿರಲಿಲ್ಲ. ಅದೊಂದು ಸೇರಿಸಿಕೊಂಡೆ.”

“ಇದ್ದೆ.”

ಆ ಮಧ್ಯಾಹ್ನ ತಂಗಿ ಬಹಳ ಹೊತ್ತು ಬಾಗಿಲು ತಟ್ಟಿ, ಅಕ್ಕ ಮನೆಯಲ್ಲಿಲ್ಲ, ಅಪ್ಪನಿಗೆ ಏಳಲಾಗದು ಎಂದುಕೊಂಡು, ಗೆಳತಿಯೊಬ್ಬಳ ಹಾಸ್ಟೆಲ್ ಕೋಣೆಗೆ ಹೋಗಿದ್ದಳು. ಎರಡು ದಿನ ಬಿಟ್ಟು ಮತ್ತೆ ಬಂದಾಗ ಅಕ್ಕ ಬಾಗಿಲು ತೆರೆದು, ಊಟ ಆಯಿತಾ ಅಂತ ಕೇಳಿದ್ದಳು. ಅವತ್ತು ಎಲ್ಲಿ ಹೋಗಿದ್ದೆ ಅಂದಾಗ, ಆಸ್ಪತ್ರೆಗೆ, ಅಪ್ಪನ ಮಾತ್ರೆ ತರೋಕೆ ಅಂದಿದ್ದಳು. ಅಷ್ಟು ವರ್ಷದಲ್ಲಿ ಅದರ ಮಾತು ಇಬ್ಬರ ನಡುವೆ ಮತ್ತೆ ಬಂದಿರಲಿಲ್ಲ.

“ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ,” ಅಕ್ಕ ಹೇಳಿದಳು. “ನೀನು ತಟ್ಟಿದ್ದೆಲ್ಲ ನನ್ನ ಬೆನ್ನಿಗೇ ಬೀಳ್ತಿತ್ತು. ಅಪ್ಪ ಒಳಗಿಂದ, ಯಾರದು ಅಂದರು. ಯಾರೂ ಇಲ್ಲಪ್ಪ ಅಂದೆ.”

“ಯಾಕೆ?”

“ನೀನು ಹೋದ ಮೇಲೆ ಅವರನ್ನ ಮಗ್ಗುಲು ಬದಲಾಯಿಸೋಕೆ ಒಬ್ಬಳ ಕೈಲಿ ಆಗ್ತಿರಲಿಲ್ಲ. ಪಕ್ಕದ ಮನೆಯವರನ್ನ ಕರೀಬೇಕಿತ್ತು, ದಿನಾ. ಒಂದಿನ ಅವರು ಇಲ್ಲದಾಗ ಅಪ್ಪನ್ನ ಎತ್ತೋಕೆ ಹೋಗಿ ಇಬ್ಬರೂ ಬಿದ್ವಿ. ಯಾರಾದ್ರೂ ಬರೋ ತನಕ ನೆಲದ ಮೇಲೇ ಇದ್ವಿ. ಆಗ ಮನಸ್ಸಲ್ಲೇ ಅಂದ್ಕೊಂಡಿದ್ದೆ, ಇವಳು ವಾಪಸ್ ಬಂದ್ರೆ ಬಾಗಿಲು ತೆಗಿಯಲ್ಲ ಅಂತ. ನೀನು ಬಂದೆ. ತೆಗೀಲಿಲ್ಲ.”

“ಎರಡು ದಿನ ಬಿಟ್ಟು ತೆಗೆದೆಯಲ್ಲ.”

“ಮತ್ತೆ ಬರ್ತೀಯೋ ಇಲ್ಲವೋ ಅಂತ ಭಯ ಆಗಿತ್ತು ಅಷ್ಟರಲ್ಲಿ.” ಅಕ್ಕ ಪರದೆಯ ಅಂಚು ಮಡಚಿ ಬೆರಳಿಂದ ಒತ್ತಿದಳು. “ಹೇಳಿಬಿಡಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂದಿತ್ತು. ಈಗ ನೀನು ನನ್ನನ್ನ ದೇವತೆ ಮಾಡಿ ಸಾಯಿಸೋಕೆ ಹೊರಟಿದೀಯ. ಇನ್ನೂ ಹೇಳದಿದ್ರೆ ಹೇಗೆ?”

ತಂಗಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಜೊತೆಗೇ ನಾಚಿಕೆ. ಅದರಲ್ಲಿ ಯಾವುದು ಎಷ್ಟು ಅಂತ ಬಿಡಿಸಿ ನೋಡುವಷ್ಟು ವ್ಯವಧಾನವಿಲ್ಲದೆ ಎದ್ದು ಬಾಗಿಲ ತನಕ ಹೋದಳು, ವಾಪಸ್ ಬಂದು ಕೂತಳು. ಅಕ್ಕ ಅವಳ ಕೈಗೆ ಪರದೆಯ ಇನ್ನೊಂದು ತುದಿ ಕೊಟ್ಟು, “ಹಿಡ್ಕೋ, ಎಳೀಬೇಡ,” ಅಂದಳು. ಇಬ್ಬರೂ ಸೇರಿ ಆ ಪರದೆ ಮುಗಿಸಿದರು.

ಹೊರಡುವಾಗ ತಂಗಿ ಕೇಳಿದಳು, “ಇದನ್ನ ಬರೀಲಾ?”

“ಬರಿ. ಆದರೆ ನನ್ನ ಅಳಿಸಬೇಡ. ಅವತ್ತು ನಾನು ಅಳಲಿಲ್ಲ. ನೀನು ಮೆಟ್ಟಿಲು ಇಳಿದ ಮೇಲೆ ಎದ್ದು ತರಕಾರಿ ಹೆಚ್ಚಿದೆ.”

ಉಳಿದರ್ಧವನ್ನು ಪೂರ್ತಿ ಹರಿದು ಹಾಕಿ ಮತ್ತೆ ಬರೆದಳು. ಬಾಗಿಲ ಒಳಗೆ ಅಕ್ಕ, ಹೊರಗೆ ತಂಗಿ, ತಂದೆಯ ‘ಯಾರದು’, ಆಮೇಲೆ ತರಕಾರಿ. ತ್ಯಾಗ ಇಲ್ಲ, ಕಾಯಿಲೆ ಇಲ್ಲ. ಅದನ್ನು ಸರಿಯಾಗಿ ಎರಡು ಕಂತಿನಲ್ಲಿ ಬಳಗಕ್ಕೆ ಹಾಕಿದಳು. ಹಲ್ಲಿನ ಡಾಕ್ಟರು ಎರಡು ಕಂತಿಗೂ ಪ್ರತ್ಯೇಕವಾಗಿ ‘ಕಾಡಿತು’ ಎಂದು ಹಾಕಿದರು. ಪ್ರಿನ್ಸಿಪಾಲರು ನೊಂದುಕೊಂಡರು. ‘ಧ್ವನಿಪೂರ್ಣವಾಗಿದ್ದ ಅಂತ್ಯವನ್ನು ಲೇಖಕಿ ಕೈಯಾರೆ ಕೆಡಿಸಿಕೊಂಡಿದ್ದಾರೆ. ತಂಗಿಗೆ ಬಾಗಿಲು ತೆರೆಯದ ಅಕ್ಕ ಸಾಹಿತ್ಯಕ್ಕೆ ಒಗ್ಗುವುದಿಲ್ಲ. ಸಂಕಲನದಲ್ಲಿ ಮೊದಲಿನ ರೂಪವೇ ಇರುತ್ತದೆ.’

‘ಬೇಡ ಸಾರ್,’ ಅವಳು ಬರೆದಳು. ‘ಹಾಕುವುದಾದರೆ ಇದನ್ನು ಹಾಕಿ, ಇಲ್ಲವಾದರೆ ಬಿಡಿ.’

ಅದೇ ದಿನ ಪ್ರಿನ್ಸಿಪಾಲರು ತಮ್ಮದೇ ಹೊಸ ಕಥೆ ಹಾಕಿದರು. ಬಳಗ ಎದೆ ತಟ್ಟಿಸಿಕೊಳ್ಳಲು ಸಾಲುಗಟ್ಟಿತು. ಅವಳು ಮಾತ್ರ ಈ ಸಲ ಮೊದಲಿಂದ ಕೊನೆಯ ತನಕ ಓದಿದಳು, ಹಾಸಿಗೆ ಬಟ್ಟೆ ನೋಡುವ ಹಾಗೆ, ದೀಪದ ಕೆಳಗೆ. ಓದಿ ಬರೆದಳು: ‘ಎರಡನೇ ಪುಟದಲ್ಲಿ ತೀರಿಕೊಂಡ ಚಿಕ್ಕಪ್ಪ ಆರನೇ ಪುಟದಲ್ಲಿ ಕನ್ನಡಕ ಹುಡುಕುತ್ತಿದ್ದಾರೆ. ಹೆಂಡತಿಯ ಪಾತ್ರಕ್ಕೆ ಇಡೀ ಕಥೆಯಲ್ಲಿ ಕಾಫಿ ತರುವುದು ಬಿಟ್ಟು ಬೇರೆ ಕೆಲಸವಿಲ್ಲ. ಮಳೆ ಬರುವ ನಾಲ್ಕು ಪ್ಯಾರಾ ತೆಗೆದರೆ ಕಥೆಗೆ ಏನೂ ನಷ್ಟವಿಲ್ಲ.’

‘ಅದು ನೆನಪಿನ ಚಿಕ್ಕಪ್ಪ,’ ಪ್ರಿನ್ಸಿಪಾಲರು ಉತ್ತರಿಸಿದರು.

‘ನೆನಪಿನ ಚಿಕ್ಕಪ್ಪನಿಗೆ ಕನ್ನಡಕ ಯಾಕೆ ಸಿಗುತ್ತಿಲ್ಲ?’ ಎಂದು ಪತ್ತೇದಾರಿ ಸೇರಿಸಿದರು.

ಆಮೇಲೆ ಆದದ್ದನ್ನು ಚರ್ಚೆ ಅನ್ನಲು ಬರುವುದಿಲ್ಲ. ವಕೀಲೆಯವರು ಹಿರಿಯರ ಗೌರವದ ಬಗ್ಗೆ ಬರೆದರು, ಈ ಸಲ ಸ್ವಂತ ವಾಕ್ಯದಲ್ಲಿ. ಯಾರೋ ಒಬ್ಬರು, ಬಟ್ಟೆ ಒಗೆಯುವವರಿಗೆ ಎಲ್ಲೆಲ್ಲೂ ಕೊಳೆಯೇ ಕಾಣುತ್ತದೆ ಅಂದರು. ಅದಕ್ಕೆ ಬಿದ್ದಷ್ಟು ಹೆಬ್ಬೆರಳು ಯಾವ ಕಥೆಗೂ ಬಿದ್ದಿರಲಿಲ್ಲ. ಸಂಜೆಯೊಳಗೆ ‘ಶಿಸ್ತಿನ ದೃಷ್ಟಿಯಿಂದ’ ಅವಳನ್ನು ನಿಷ್ಠುರ ಬಳಗದಿಂದ ತೆಗೆದರು.

ಪತ್ತೇದಾರಿ ಬಳಗ ಬಿಡಲಿಲ್ಲ. ಚಿಕ್ಕಪ್ಪನ ವಿಷಯಕ್ಕೆ ಕ್ಷಮೆಯನ್ನೂ ಕೇಳಿ ಉಳಿದುಕೊಂಡರು. “ನಂದೊಂದು ಹೊಸ ಕಾದಂಬರಿ ಕಂತು ಕಂತಾಗಿ ಹಾಕ್ತಿದೀನಲ್ಲಮ್ಮ,” ಫೋನಿನಲ್ಲಿ ಹೇಳಿದರು. “ಓದ್ತಾರೋ ಬಿಡ್ತಾರೋ, ಕಾಡಿತು ಅಂತಾರಲ್ಲ.”

“ನಿಮಗೂ ಅದೇ ಬೇಕಾ ಸಾರ್?”

“ಮುದುಕ ಆಗಿದೀನಿ. ಬೇಕು.” ನಂತರ ಅವಳ ಹೊಸ ಅಂತ್ಯದ ಬಗ್ಗೆ, ಈಗ ಸರಿಯಾಗಿದೆ, ಆ ತರಕಾರಿ ಹೆಚ್ಚುವ ಚಾಕು ಮಾತ್ರ ಸುಮ್ಮನೆ ವ್ಯರ್ಥವಾಯಿತು ಅಂದರು.

ಸಂಕಲನ ಹೊರಬಂತು. ಅವಳು ಬೇಡ ಅಂದ ಅರ್ಧ ಕಥೆಯೇ ಅದರಲ್ಲಿತ್ತು, ‘ಬಾಗಿ’ಯ ಮುಂದೆ ಪ್ರಿನ್ಸಿಪಾಲರು ತಾವೇ ಮೂರು ಚುಕ್ಕೆ ಇಟ್ಟಿದ್ದರು. ಅವಳು ಫೋನು ಮಾಡಿ ಕೇಳಿದರೆ, ಬಳಗದಲ್ಲಿ ಹಾಕಿದ ಮೇಲೆ ಅದು ಬಳಗದ್ದೇ ಅಲ್ಲವೇನಮ್ಮ ಅಂದರು. ಪೂರ್ತಿ ಕಥೆಯನ್ನು ಅವಳು ಒಂದು ಸಣ್ಣ ಮಾಸಪತ್ರಿಕೆಗೆ ಕಳಿಸಿದಳು. ಅಲ್ಲಿನ ಸಂಪಾದಕಿ, ಮೊದಲ ಪುಟ ತೆಗೆದರೆ ಹಾಕುತ್ತೇನೆ, ಅದರಲ್ಲಿ ನೀವು ಗಂಟಲು ಸರಿಮಾಡಿಕೊಳ್ಳುತ್ತಿದ್ದೀರಿ ಅಷ್ಟೇ, ಅಂದರು. ಅವಳು ಒಂದು ದಿನ ಉರಿದು, ಮರುದಿನ ತೆಗೆದಳು. ಕಥೆ ಬಂತು. ಓದಿದ್ದೇವೆ ಎಂದು ಯಾರೋ ಇಬ್ಬರು ಬರೆದರು. ಅದರಲ್ಲೊಬ್ಬರಿಗೆ ಅಕ್ಕನ ಮೇಲೆ ಬಹಳ ಕೋಪ ಬಂದಿತ್ತು. ಅಕ್ಕನಿಗೆ ಅದನ್ನು ಓದಿ ಹೇಳಿದಾಗ, “ಬರಲಿ, ಅವರಪ್ಪನ್ನ ಅವರೇ ಎತ್ತಿ ನೋಡಲಿ,” ಅಂದಳು.

ಕೆಲವು ತಿಂಗಳಾದ ಮೇಲೆ ಹಲ್ಲಿನ ಡಾಕ್ಟರಿಂದ ಅವಳಿಗೊಂದು ಖಾಸಗಿ ಸಂದೇಶ ಬಂತು. ಬಳಗದ ಹೊಗಳಿಕೆ ಕೇಳಿ ಕೇಳಿ ಸಾಕಾಗಿದೆ, ನಿಮ್ಮ ಹಾಗೆ ನೇರ ಹೇಳುವವರೇ ಬೇಕು, ದಯವಿಟ್ಟು ಒಂದಿಷ್ಟೂ ಮುಲಾಜು ಇಟ್ಟುಕೊಳ್ಳಬೇಡಿ ಎಂದು ಬೇಡಿಕೊಂಡು ತಮ್ಮ ಕಥೆ ಕಳಿಸಿದ್ದರು. ಅವಳು ರಜೆಯ ದಿನ ಕೂತು ಅದನ್ನು ಎರಡು ಸಲ ಓದಿದಳು. ಕಥೆಯಲ್ಲಿ ಒಂದು ಜಾಗ ನಿಜಕ್ಕೂ ಚೆನ್ನಾಗಿತ್ತು. ರೋಗಿಯೊಬ್ಬ ಹಲ್ಲು ಕೀಳಿಸಿಕೊಂಡು ಅದನ್ನು ಜೇಬಿಗೆ ಹಾಕಿಕೊಂಡು ಹೋಗುವುದು. ಉಳಿದದ್ದು ಯಾಕೆ ನಿಲ್ಲುತ್ತಿಲ್ಲ, ಆ ರೋಗಿಯಿಂದಲೇ ಕಥೆ ಯಾಕೆ ಶುರುವಾಗಬೇಕು ಅನ್ನುವುದನ್ನು ಸಾವಧಾನವಾಗಿ, ಸಾಲು ಸಾಲು ಹಿಡಿದು ಬರೆದು ಕಳಿಸಿದಳು.

‘ತುಂಬಾ ಧನ್ಯವಾದ’ ಎಂದು ಬಂತು. ಸ್ವಲ್ಪ ಹೊತ್ತಿಗೆ ಅವರ ಹೆಸರಿನ ಪಕ್ಕದ ಭಾವಚಿತ್ರ ಮಾಯವಾಯಿತು. ಅವಳು ಇನ್ನೊಂದು ಮಾತು ಕಳಿಸಿ ನೋಡಿದಳು, ತಲುಪಲಿಲ್ಲ. ಡಾಕ್ಟರು ಅವಳನ್ನು ಬ್ಲಾಕ್ ಮಾಡಿದ್ದರು.

“ಅಷ್ಟು ಹೊತ್ತು ಕೂತು ಬರೆದೆಯಲ್ಲ, ದಂಡ,” ಗಂಡ ಅಂದ.

“ಒಂದು ವಾರ ಬೈಕೊಳ್ಳಲಿ, ಆಮೇಲೆ ಬರ್ತಾರೆ,” ಅಂದಳು. ಅವಳಿಗೆ ಆ ವಾರ ಹೇಗಿರುತ್ತದೆ ಗೊತ್ತಿತ್ತು.

ವಾರ ಕಳೆಯಿತು, ತಿಂಗಳೂ ಕಳೆಯಿತು. ಡಾಕ್ಟರು ಬರಲಿಲ್ಲ. ಅವರ ಕಥೆ ಬಳಗದ ಎರಡನೇ ಸಂಕಲನದಲ್ಲಿ ಬಂತು ಎಂದು ಪತ್ತೇದಾರಿ ತಿಳಿಸಿದರು. ಪ್ರಿನ್ಸಿಪಾಲರ ಸಲಹೆಯ ಮೇರೆಗೆ ಹಲ್ಲು ಜೇಬಿಗೆ ಹಾಕಿಕೊಂಡ ಆ ರೋಗಿಯನ್ನು ತೆಗೆದುಹಾಕಿದ್ದರಂತೆ.